ಎಲ್ಲಾರೂ ಹಡೀತಾರ, ನಿಂದೇನು ಹೊಸಾದು?

ಕಳೆದ ಮಳೆಗಾಲದಲ್ಲಿ ಅಕ್ಕನ ಮಗಳ ಸತ್ವಾಸಾಕ್ಕೆಂದು ತವರೂರು ಮಾಸೂರಿಗೆ ಹೋಗಿದ್ದೆ. ಏಳನೇ ತಿಂಗಳಲ್ಲಿ ಬಸುರಿಗೆ ಹಸಿರು ಬಳೆ ತೊಡಿಸಿ, ಹೊಸ ಸೀರೆ ಉಡಿಸಿ, ಮಡಿಲು ತುಂಬುವ ಶಾಸ್ತ್ರವದು. ನೆರೆಯ ಹಿಂದೂ ಮನೆಗಳಲ್ಲಿ ನಡೆಯುವ ಕುಬುಸದ ಅಕ್ಕ ಎನ್ನಬಹುದು. ಮನೆ ತುಂಬ ಹೆಂಗಸರು. ಹೂವು, ಅತ್ತರು, ಹಾಡು, ನಗೆ. ಹುಡುಗಿ ನಡುವೆ ಕುಳಿತಿದ್ದಳು. ಮುಖದ ತುಂಬ ಅರಿಸಿನ ಗಂಧ, ಆದರೆ ಕಣ್ಣು ಬೇರೆಲ್ಲೋ ಇತ್ತು. ಬಳೆ ತೊಡಿಸುವಾಗ ನನ್ನ ಕೈ ಹಿಡಿದುಕೊಂಡವಳು ಬಿಡಲಿಲ್ಲ. ‘ಖಾಲಾ, ನಂಗ ಭಾಳ ಅಂಜಿಕಿ ಆಗೈತಿ. ರಾತ್ರಿ ನಿದ್ದಿ ಬರವಲ್ದು’ ಎಂದಳು. ಪಿಸುಮಾತೇ ಆಗಿದ್ದರೂ ಅದು ಹಿರಿಯ ಹೆಂಗಸೊಬ್ಬರ ಕಿವಿಗೆ ಬಿತ್ತು. ಅವರು ನಕ್ಕು, ಅವಳ ಗಲ್ಲ ಹಿಂಡಿ, ‘ಹುಚ್ಚಿ, ಎಲ್ಲಾರೂ ಹಡೀತಾರ, ನಿಂದೇನು ಹೊಸಾದು?’ ಎಂದರು. ಸುತ್ತಲಿದ್ದವರೂ ನಕ್ಕರು. ಹುಡುಗಿಯೂ ನಕ್ಕಳು. ನನ್ನ ಕೈಯನ್ನು ಮಾತ್ರ ಮೆಲ್ಲಗೆ ಬಿಟ್ಟುಬಿಟ್ಟಳು.

ಆ ಕೈ ಬಿಟ್ಟದ್ದು ನನ್ನನ್ನು ಇಂದಿಗೂ ಕಾಡುತ್ತಿದೆ. ಆ ಹಿರಿಯರ ಮಾತಿನಲ್ಲಿ ಕೆಡುಕಿರಲಿಲ್ಲ. ಧೈರ್ಯ ಹೇಳುವುದೇ ಅವರ ಉದ್ದೇಶವಾಗಿತ್ತು. ಆದರೆ ಆ ಒಂದು ಮಾತಿನಿಂದ ಹುಡುಗಿಯ ಬಾಯಿ ಮುಚ್ಚಿತು. ಇಪ್ಪತ್ತೆರಡು ವರ್ಷಗಳ ಹಿಂದೆ ಇದೇ ಮಾತು ನನ್ನ ಬಾಯಿಯನ್ನೂ ಮುಚ್ಚಿತ್ತು. ಹೆರಿಗೆಗೆ ಅಂಜುವ ಹೆಣ್ಣಿಗೆ ನಾವು ಸಲ್ಲಿಸಬೇಕಾದದ್ದು ಏನು? ಧೈರ್ಯದ ಉಪದೇಶವೇ? ಸುಳ್ಳು ಸಮಾಧಾನವೇ? ಅಥವಾ ಬೇರೆ ಏನಾದರೂ ಇದೆಯೇ? ಈ ಪ್ರಶ್ನೆಯನ್ನು ವೈದ್ಯರಿಗೆ ಒಪ್ಪಿಸಿ ಸುಮ್ಮನಾಗುವುದು ಸುಲಭ. ಆದರೆ ಇದು ಮೊದಲಿಗೆ ನಮ್ಮ ನಡತೆಯ ಪ್ರಶ್ನೆ, ನಮ್ಮ ನೀತಿಯ ಪ್ರಶ್ನೆ ಎಂದು ನನಗನಿಸುತ್ತದೆ.

ನಾನು ಮನೆಯಲ್ಲಿ ದಖ್ಖನಿ, ಶಾಲೆಯಲ್ಲಿ ಮೊದಲು ಉರ್ದು, ಆಮೇಲೆ ಕನ್ನಡ ಕಲಿತವಳು. ಉರ್ದುವಿನಲ್ಲಿ ಬಸುರಿಯನ್ನು ‘ಉಮ್ಮೀದ್ ಸೇ ಹೈ’ ಎನ್ನುತ್ತಾರೆ, ಭರವಸೆಯಿಂದ ಇದ್ದಾಳೆ ಎಂದು. ಎಷ್ಟು ಚೆಂದದ ಮಾತು! ಕನ್ನಡದಲ್ಲಿ ಹೆರಿಗೆಯನ್ನು ‘ಹೆಣ್ಣಿನ ಮರುಹುಟ್ಟು’ ಎನ್ನುತ್ತೇವೆ. ಇದೂ ಚೆಂದದ ಮಾತೇ. ಆದರೆ ಸ್ವಲ್ಪ ತಡೆದು ನೋಡಿ. ಮರಳಿ ಹುಟ್ಟಬೇಕಾದರೆ ನಡುವೆ ಒಂದು ಸಾವು ಇರಬೇಕಲ್ಲ? ಆ ಸಾವನ್ನು ನುಡಿಯದೆ ಹುಟ್ಟನ್ನಷ್ಟೇ ನುಡಿಯುವ ಜಾಣತನ ನಮ್ಮ ಭಾಷೆಗಿದೆ. ಭರವಸೆಯಿಂದ ಇರುವವಳು ಭಯದಿಂದಲೂ ಇರಬಹುದು ಎನ್ನುವುದಕ್ಕೆ ನನ್ನ ಎರಡು ಭಾಷೆಗಳಲ್ಲೂ ಮನೆಮಾತಿನ ಒಂದು ನುಡಿಗಟ್ಟು ನನಗೆ ಸಿಗಲಿಲ್ಲ. ಬಯಕೆಗೆ ಹೆಸರಿದೆ. ವಾಂತಿಗೆ, ಬೇನೆಗೆ, ಬಾಣಂತನಕ್ಕೆ, ನಲವತ್ತು ದಿನದ ಚಿಲ್ಲಾಕ್ಕೆ ಹೆಸರಿದೆ. ಅಂಜಿಕೆಗೆ ಮಾತ್ರ ಹೆಸರಿಲ್ಲ.

ವೈದ್ಯಶಾಸ್ತ್ರ ಕೂಡ ಇದಕ್ಕೆ ಹೆಸರಿಟ್ಟದ್ದು ತಡವಾಗಿಯೇ. ಮೊದಲ ಹೆರಿಗೆಯ ನೋವನ್ನು ನೆನೆದು ಕಂಗೆಡುವ, ಹಿಂದೆ ಅನುಭವಿಸಿದ್ದನ್ನು ನೆನೆದು ನಡುಗುವ ಗರ್ಭಿಣಿಯರ ಬಗ್ಗೆ ಫ್ರಾನ್ಸಿನ ಮನೋವೈದ್ಯ ಲೂಯಿ ವಿಕ್ಟರ್ ಮಾರ್ಸೆ 1858ರಲ್ಲೇ ಬರೆದಿದ್ದ. ಆದರೆ ‘ಟೋಕೋಫೋಬಿಯಾ’ ಎಂಬ ಹೆಸರು ಬಳಕೆಗೆ ಬಂದದ್ದು 2000ದಲ್ಲಿ, ಬ್ರಿಟನ್ನಿನ ಕ್ರಿಸ್ಟಿನಾ ಹಾಫ್‌ಬರ್ಗ್ ಮತ್ತು ಇಯಾನ್ ಬ್ರಾಕಿಂಗ್ಟನ್ ಎಂಬ ವೈದ್ಯರು 26 ಮಹಿಳೆಯರ ಅನುಭವ ದಾಖಲಿಸಿ ಬರೆದ ಲೇಖನದಿಂದ. ಗ್ರೀಕ್ ಭಾಷೆಯಲ್ಲಿ ‘ಟೋಕೋಸ್’ ಎಂದರೆ ಹೆರಿಗೆ. ಒಮ್ಮೆಯೂ ಹಡೆಯದವಳಿಗೆ ಇರುವ ಭಯ ಒಂದು ಬಗೆ. ಹಿಂದಿನ ಹೆರಿಗೆಯ ಗಾಯದಿಂದ ಹುಟ್ಟಿದ ಭಯ ಇನ್ನೊಂದು ಬಗೆ. ಜಗತ್ತಿನ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಲೆಕ್ಕ ಹಾಕಿದಾಗ ನೂರಕ್ಕೆ ಸುಮಾರು 14 ಗರ್ಭಿಣಿಯರಲ್ಲಿ ಈ ತೀವ್ರ ಭಯ ಕಂಡಿತ್ತು. ಅಂದರೆ ಸತ್ವಾಸಾದ ಹಾಡಿನ ನಡುವೆ ಕುಳಿತ ಏಳು ಹುಡುಗಿಯರಲ್ಲಿ ಒಬ್ಬಳು. ಸಾಮಾನ್ಯ ಅಳುಕು ಎಲ್ಲರಿಗೂ ಇರುತ್ತದೆ, ಇರಬೇಕು ಕೂಡ. ಇಲ್ಲಿ ಹೇಳುತ್ತಿರುವುದು ನಿದ್ದೆ ಕೆಡಿಸುವ, ಊಟ ಸೇರದಂತೆ ಮಾಡುವ, ಗಂಡನ ಹತ್ತಿರ ಹೋಗುವುದಕ್ಕೂ ಹಿಂಜರಿಯುವಂತೆ ಮಾಡುವ ಭಯದ ಮಾತು.

ಈ ಭಯ ಮನಸ್ಸಿನಲ್ಲಷ್ಟೇ ಕೂರುವುದಿಲ್ಲ, ದೇಹಕ್ಕೂ ಇಳಿಯುತ್ತದೆ. ಬೆದರಿದ ದೇಹದಲ್ಲಿ ಅಡ್ರಿನಲಿನ್ ಏರುತ್ತದೆ. ಅದು ಗರ್ಭಕೋಶವನ್ನು ಸಂಕುಚಿಸಿ ಮಗುವನ್ನು ಹೊರತಳ್ಳಬೇಕಾದ ಆಕ್ಸಿಟೋಸಿನ್‌ನ ಕೆಲಸಕ್ಕೆ ಅಡ್ಡಬರುತ್ತದೆ. ಸ್ನಾಯುಗಳು ಬಿಗಿಯುತ್ತವೆ, ನೋವು ಹೆಚ್ಚುತ್ತದೆ, ಹೆಚ್ಚಿದ ನೋವು ಭಯವನ್ನು ಮತ್ತಷ್ಟು ಹೆಚ್ಚಿಸುತ್ತದೆ. ಭಯ, ಬಿಗಿತ, ನೋವು ಎಂಬ ಈ ಸುತ್ತನ್ನು ಇಂಗ್ಲೆಂಡಿನ ವೈದ್ಯ ಗ್ರ್ಯಾಂಟ್ಲಿ ಡಿಕ್-ರೀಡ್ ಕಳೆದ ಶತಮಾನದ ಮೊದಲರ್ಧದಲ್ಲೇ ವಿವರಿಸಿದ್ದ. ನಾರ್ವೆಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮಹಿಳೆಯರನ್ನು ಗಮನಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಭಯವಿದ್ದವರ ಬೇನೆ ಸರಾಸರಿ 8 ಗಂಟೆ, ಭಯವಿಲ್ಲದವರದು ಸುಮಾರು ಆರೂವರೆ ಗಂಟೆ ನಡೆದಿತ್ತು. ಅವಧಿ ಹೆಚ್ಚಲು ಬೇರೆ ಕಾರಣಗಳೂ ಇದ್ದವು. ಅವನ್ನು ಕಳೆದ ಮೇಲೂ ಭಯದ ಪಾಲು ಉಳಿದೇ ಇತ್ತು. ಹೀಗೆ ಭಯದಲ್ಲಿ ಹಡೆದವಳ ಮುಂದೆ ಆಮೇಲೂ ಒಂದು ದಾರಿ ಇರುತ್ತದೆ. ಬಾಣಂತನದ ಖಿನ್ನತೆ, ಮಗುವನ್ನು ಎತ್ತಿಕೊಳ್ಳಲು ಮನಸ್ಸಾಗದಿರುವುದು, ಮತ್ತೆ ಬಸುರಾಗುವುದನ್ನು ನೆನೆದರೇ ಬೆವರುವುದು.

ನನ್ನದನ್ನೂ ಹೇಳಿಬಿಡುತ್ತೇನೆ. ಮೊದಲ ಹೆರಿಗೆ ಒಂದು ಆಸ್ಪತ್ರೆಯಲ್ಲಿ ಆಯಿತು. ಹೊರಗೆ ಅಮ್ಮಿ ತಸ್ಬೀಹ್ ಹಿಡಿದು ಕುಳಿತಿದ್ದರು. ಒಳಗೆ ನಾನೊಬ್ಬಳೇ. ನೋವಿಗೆ ಕೂಗಿದರೆ ಗದರಿಕೆ. ‘ಗಂಡನ ಹತ್ರ ಹೋಗೋವಾಗ ನೆನಪಿರಲಿಲ್ಲೇನು?’ ಎಂಬ ಮಾತನ್ನೂ ಕೇಳಿದೆ. ಈ ಮಾತನ್ನು ಈ ನಾಡಿನ ಎಷ್ಟು ಸಾವಿರ ಹೆಂಗಸರು ಕೇಳಿದ್ದಾರೋ ಆ ಅಲ್ಲಾಹನೇ ಬಲ್ಲ. ನನ್ನ ಮೈಮೇಲೆ ಏನು ಮಾಡುತ್ತಿದ್ದಾರೆ, ಏಕೆ ಮಾಡುತ್ತಿದ್ದಾರೆ ಎಂದು ಯಾರೂ ಹೇಳಲಿಲ್ಲ. ಮಗು ಚೆನ್ನಾಗಿತ್ತು. ನಾನೂ ಉಳಿದೆ. ಎಲ್ಲರ ಲೆಕ್ಕದಲ್ಲಿ ಅದು ಸುಖ ಪ್ರಸವ. ಆದರೆ ನಾಲ್ಕು ವರ್ಷಗಳ ನಂತರ ಮತ್ತೆ ಗರ್ಭಿಣಿಯಾದಾಗ ಫಿನಾಯಿಲ್ ವಾಸನೆ ಬಂದರೆ ಸಾಕು, ನನ್ನ ಕೈಕಾಲು ತಣ್ಣಗಾಗುತ್ತಿದ್ದವು. ತಪಾಸಣೆಯ ದಿನ ತಲೆನೋವೆಂದು ಸುಳ್ಳು ಹೇಳಿ ಮನೆಯಲ್ಲೇ ಉಳಿಯುತ್ತಿದ್ದೆ. ಭಯ ನನ್ನನ್ನು ಯಾವ ಜಾಗದಿಂದ ದೂರ ಇಡುತ್ತಿತ್ತೋ, ನನ್ನನ್ನೂ ಮಗುವನ್ನೂ ಕಾಪಾಡಬೇಕಾಗಿದ್ದದ್ದು ಅದೇ ಜಾಗ. ಕತೆ ಬರೆಯುವವಳು ನಾನು. ಊರಿನ ಎಲ್ಲರ ಗುಟ್ಟುಗಳನ್ನು ಪಾತ್ರಗಳ ಬಾಯಲ್ಲಿ ಹೇಳಿಸಿದ್ದೇನೆ. ಈ ಒಂದನ್ನು ಮಾತ್ರ ಬರೆದಿರಲಿಲ್ಲ. ನಾಚಿಕೆಯಾಗಿತ್ತು.

ಈ ನಾಚಿಕೆ ಎಲ್ಲಿಂದ ಬಂತು? ಭಯಪಡುವುದು ತಪ್ಪು ಎಂದು ನನಗೆ ಕಲಿಸಿದವರು ಯಾರು?

ಮೊದಲಿಗೆ, ಈ ಭಯಕ್ಕೆ ಆಧಾರವಿಲ್ಲವೇ ಎಂದು ಕೇಳಿಕೊಳ್ಳಬೇಕು. ಸರಕಾರದ ಮಾದರಿ ನೋಂದಣಿ ಸಮೀಕ್ಷೆಯ ಪ್ರಕಾರ 2001-03ರಲ್ಲಿ ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ 228 ತಾಯಂದಿರು ಸಾಯುತ್ತಿದ್ದರು. 2019-21ರ ಹೊತ್ತಿಗೆ ಇದು 63ಕ್ಕೆ ಇಳಿಯಿತು. ದೊಡ್ಡ ಸಾಧನೆ. ಆಶಾ ಕಾರ್ಯಕರ್ತೆಯರು, ತಾಯಿ ಕಾರ್ಡು, 2005ರ ಜನನಿ ಸುರಕ್ಷಾ ಯೋಜನೆ, 2008ರಲ್ಲಿ ಬಂದ 108ರ ಆಂಬುಲೆನ್ಸ್, ರಾತ್ರಿ ನಿದ್ದೆಗೆಟ್ಟ ಎಷ್ಟೋ ದಾದಿಯರು, ವೈದ್ಯರು ಇದರ ಹಿಂದೆ ಇದ್ದಾರೆ. 2005-06ರಲ್ಲಿ ರಾಜ್ಯದ ನೂರರಲ್ಲಿ ಸುಮಾರು 65 ಹೆರಿಗೆಗಳು ಆಸ್ಪತ್ರೆಯಲ್ಲಾಗುತ್ತಿದ್ದರೆ, 2019-20ರ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಅದು 97. ನನ್ನ ಬಾಲ್ಯದ ಮಾಸೂರಿನಲ್ಲಿ ಹೆರಿಗೆ ಎಂದರೆ ಓಣಿಯ ದಾಯಿ. ಕೈಮೀರಿದರೆ ಎತ್ತಿನ ಗಾಡಿ. ಮಳೆಗಾಲವಾದರೆ ಕೆಸರು ದಾರಿ, ತುಂಬಿ ಹರಿಯುವ ಕುಮುದ್ವತಿ. ಗಾಡಿಯಲ್ಲಿ ಹೋದ ಕೆಲವರು ಗಾಡಿಯಲ್ಲೇ ಮರಳಿದ್ದುಂಟು, ಆದರೆ ಕುಳಿತು ಅಲ್ಲ. ಇಂದಿನ ಹುಡುಗಿಯರಿಗೆ ಆ ಗಾಡಿಯ ಕತೆ ಗೊತ್ತಿಲ್ಲ. ಅದು ಸಂತೋಷವೇ.

ಆದರೆ ಭಯ ಹೋಗಿಲ್ಲ, ವೇಷ ಬದಲಿಸಿದೆ. ಸಾವಿನ ಅಂಜಿಕೆ ಸ್ವಲ್ಪ ಹಿಂದೆ ಸರಿದಿದ್ದರೆ ಕತ್ತರಿಯ, ಅವಮಾನದ, ಬಿಲ್ಲಿನ ಅಂಜಿಕೆ ಮುಂದೆ ಬಂದಿದೆ. ಅದೇ ಸಮೀಕ್ಷೆಯ ಪ್ರಕಾರ ರಾಜ್ಯದ ನೂರು ಹೆರಿಗೆಗಳಲ್ಲಿ 31ಕ್ಕೂ ಹೆಚ್ಚು ಸಿಸೇರಿಯನ್. ಖಾಸಗಿ ಆಸ್ಪತ್ರೆಗಳಲ್ಲಿ ಅರ್ಧಕ್ಕೂ ಹೆಚ್ಚು. ಸಾವಿನ ಅಂಜಿಕೆಯೂ ಪೂರ್ತಿ ಸತ್ತಿಲ್ಲ. 2024ರ ನವೆಂಬರಿನಲ್ಲಿ ಬಳ್ಳಾರಿಯ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರಂತೆ ಹಾಸಿಗೆ ಹಿಡಿದು, ಐವರು ಪ್ರಾಣ ಬಿಟ್ಟರು. ಅವರಿಗೆ ಏರಿಸಿದ ಐವಿ ದ್ರಾವಣದ ಮೇಲೆ ಅನುಮಾನ ಬಿತ್ತು, ತನಿಖೆ ನಡೆಯಿತು, ಸದನದಲ್ಲಿ ಗದ್ದಲವಾಯಿತು. ಟಿವಿಯಲ್ಲಿ ಆ ಸುದ್ದಿ ನೋಡುತ್ತಿದ್ದ ಉತ್ತರ ಕರ್ನಾಟಕದ ಪ್ರತಿ ಬಸುರಿಯೂ ತನ್ನ ಹೊಟ್ಟೆ ಮುಟ್ಟಿ ನೋಡಿಕೊಂಡಿರಬೇಕು. ಅವಳಿಗೆ ‘ಹುಚ್ಚಿ, ಅಂಜಬ್ಯಾಡ’ ಎನ್ನುವ ಹಕ್ಕು ಯಾರಿಗಿದೆ? ಹಡೆಯುವವಳ ಭಯ ಎಂದರೆ ಹಲವು ಬಾರಿ ಅವಳ ತಿಳಿವಳಿಕೆಯೇ. ತನ್ನ ದೇಹವನ್ನು ತಾನು ಕಾಣದ ಕೈಗಳಿಗೆ ಒಪ್ಪಿಸಬೇಕಾದವಳು ಅಂಜದೆ ಇನ್ನೇನು ಮಾಡಬೇಕು?

ಭಯಕ್ಕೆ ಧರ್ಮದ ಹೆಸರಿನಲ್ಲಿ ಹೊರಿಸುವ ಆರೋಪವೂ ಒಂದಿದೆ. ‘ಅಲ್ಲಾಹನ ಮೇಲೆ ಭರವಸೆ ಇದ್ದವಳು ಹೆದರುವುದೇಕೆ? ಮಕ್ಕಳು ಅವನ ಕೊಡುಗೆ. ಹೀಗೆ ಅಳುವುದು ನಾಶುಕ್ರಿ, ಕೃತಘ್ನತೆ’ ಎಂದು ಹೇಳುವವರಿದ್ದಾರೆ. ನಾನು ಆಲಿಮಳಲ್ಲ. ಚಿಕ್ಕಂದಿನಿಂದ ಕುರ್‌ಆನ್ ಓದಿದ ಸಾಧಾರಣ ಹೆಂಗಸು. ಆದರೆ ಹೀಗೆ ಹೇಳುವವರು ಸೂರಾ ಮರ್ಯಮ್ ಅನ್ನು ಯಾವ ಮನಸ್ಸಿನಿಂದ ಓದುತ್ತಾರೋ ನನಗೆ ತಿಳಿಯದು. ಅಲ್ಲಿ ಬೇನೆ ತಿನ್ನುತ್ತಿರುವ ಬೀಬಿ ಮರ್ಯಮ್ ಖರ್ಜೂರದ ಮರದ ಕಾಂಡಕ್ಕೆ ಒರಗುತ್ತಾರೆ. ಇದಕ್ಕಿಂತ ಮೊದಲೇ ಸತ್ತು ಮರೆತುಹೋಗಿದ್ದರೆ ಚೆನ್ನಾಗಿತ್ತು ಎಂದು ಹಲುಬುತ್ತಾರೆ. ಲೋಕದ ಮಹಿಳೆಯರಲ್ಲೇ ಆರಿಸಿಕೊಳ್ಳಲ್ಪಟ್ಟವರು, ದೇವದೂತರೊಡನೆ ಮಾತಾಡಿದವರು ಸಾವನ್ನು ಬಯಸುತ್ತಾರೆ! ಅದಕ್ಕೆ ಬಂದ ಉತ್ತರವನ್ನು ಗಮನಿಸಿ. ಅವರನ್ನು ಯಾರೂ ಗದರಲಿಲ್ಲ. ನಿನ್ನ ನಂಬಿಕೆ ಇಷ್ಟೇ ಏನು ಎಂದು ಕೇಳಲಿಲ್ಲ. ಎಲ್ಲರೂ ಹಡೆಯುತ್ತಾರೆ ಎನ್ನಲಿಲ್ಲ. ದುಃಖಿಸಬೇಡ ಎಂಬ ಸಾಂತ್ವನ ಬಂತು. ಕಾಲ ಬಳಿ ಹರಿವ ನೀರು, ಕೈಗೆಟಕುವ ಹಣ್ಣು ಬಂದವು. ತಿನ್ನು, ಕುಡಿ, ಕಣ್ಣು ತಂಪು ಮಾಡಿಕೋ ಎಂಬ ಮಾತು ಬಂತು. ಕೊನೆಗೆ, ಜನ ಕಂಡರೆ ಈ ದಿನ ಯಾರೊಡನೆಯೂ ಮಾತನಾಡದ ಹರಕೆ ಹೊತ್ತಿದ್ದೇನೆಂದು ತಿಳಿಸಿಬಿಡು ಎಂದು ಲೋಕದ ಪ್ರಶ್ನೆಗಳಿಂದಲೂ ಬಿಡುಗಡೆ ಸಿಕ್ಕಿತು. ಒಂದು ಒರಗು, ನೀರು, ಆಹಾರ, ಜೊತೆಗೊಂದು ದನಿ, ಮಾನಕ್ಕೆ ಕಾವಲು. ಹೆರಿಗೆ ಕೋಣೆಯಲ್ಲಿ ಒಬ್ಬ ಹೆಣ್ಣಿಗೆ ಬೇಕಾದದ್ದರ ಪಟ್ಟಿ ಇದಕ್ಕಿಂತ ಚೆನ್ನಾಗಿ ಬೇರೆಲ್ಲಿದೆ? ಭಯ ಈಮಾನಿನ ಕೊರತೆಯಾಗಿದ್ದರೆ ಮೊದಲು ಗದರಿಕೆಯೇ ಬರಬೇಕಿತ್ತು.

ಹೆರಿಗೆಯಲ್ಲಿ ತೀರಿಕೊಂಡವಳು ಶಹೀದಳ ದರ್ಜೆ ಪಡೆಯುತ್ತಾಳೆ ಎಂಬ ಹದೀಸನ್ನೂ ಕೇಳಿದ್ದೇವೆ. ಅದು ದೊಡ್ಡ ಗೌರವ, ಕಳೆದುಕೊಂಡವರಿಗೆ ದೊಡ್ಡ ಸಾಂತ್ವನ. ಆದರೆ ಸಾಂತ್ವನವನ್ನು ಪರವಾನಗಿಯಾಗಿ ಬಳಸುವುದು ಪಾಪ. 2025ರ ಏಪ್ರಿಲ್‌ನಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಐದನೇ ಹೆರಿಗೆ ಮನೆಯಲ್ಲೇ ಆದ ತಾಯಿಯೊಬ್ಬಳು ರಕ್ತಸ್ರಾವದಿಂದ ಸತ್ತಳು. ಪೊಲೀಸರು ಗಂಡನನ್ನು ಬಂಧಿಸಿದರು. ದಾರಿಯಿದ್ದೂ ದವಾಖಾನೆಗೆ ಒಯ್ಯದೆ, ಆಮೇಲೆ ‘ಶಹೀದಳಾದಳು’ ಎಂದು ಕಣ್ಣೊರೆಸಿಕೊಳ್ಳುವುದು ಧರ್ಮವಲ್ಲ. ಯುದ್ಧದಲ್ಲಿ ಸತ್ತವನು ಶಹೀದ ಎಂದು ಯಾವ ಸೇನಾಪತಿಯೂ ಸಿಪಾಯಿಯ ಕೈಯಿಂದ ಗುರಾಣಿ ಕಿತ್ತುಕೊಳ್ಳುವುದಿಲ್ಲ.

ಇದು ಒಂದು ಸಮುದಾಯದ ಕುರುಡಲ್ಲ. ನಮ್ಮ ಮಾಸೂರಿಗೆ ಹೆಸರು ತಂದವನು ಸರ್ವಜ್ಞ. ಜನಪ್ರಿಯ ಐತಿಹ್ಯದಂತೆ ಅವನ ತಂದೆ ಬಸವರಸ ಮಾಸೂರಿನವನು, ತಾಯಿ ಅಬಲೂರಿನ ಕುಂಬಾರ ಹೆಣ್ಣು ಮಲ್ಲಿ. ವಿದ್ವಾಂಸರು ಇದನ್ನು ಒಪ್ಪಬಹುದು, ಬಿಡಬಹುದು. ಊರಿನ ಮಕ್ಕಳಾದ ನಾವು ಈ ಕತೆ ಕೇಳುತ್ತಲೇ ಬೆಳೆದೆವು. ಸಂತಾನವಿಲ್ಲದ ಬಸವರಸ ಕಾಶಿಗೆ ಹೋದದ್ದು, ಮರಳುವಾಗ ಕುಂಬಾರರ ಮನೆಯಲ್ಲಿ ತಂಗಿದ್ದು, ಹುಟ್ಟಿದ ಕೂಸು ಬೆಳೆದು ಮಹಾ ಜಾಣನಾದದ್ದು ಎಲ್ಲ ಕತೆಯಲ್ಲಿದೆ. ಆದರೆ ಮದುವೆಯ ನೆರಳಿಲ್ಲದೆ ಬಸುರಾದ ಆ ಕುಂಬಾರ ಹೆಣ್ಣು ಒಂಬತ್ತು ತಿಂಗಳನ್ನು ಹೇಗೆ ಕಳೆದಳು? ಅವಳ ಬೇನೆಯ ರಾತ್ರಿ ಪಕ್ಕದಲ್ಲಿ ಯಾರಿದ್ದರು? ನೋವಿಗೆ ಅಂಜಿದಳೋ, ಊರ ಬಾಯಿಗೆ ಅಂಜಿದಳೋ? ಇದನ್ನು ಯಾವ ಮೇಷ್ಟ್ರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. 2009ರಲ್ಲಿ ಬೆಂಗಳೂರಿನಲ್ಲಿ ತಿರುವಳ್ಳುವರ್ ಪ್ರತಿಮೆ, ಚೆನ್ನೈನಲ್ಲಿ ಸರ್ವಜ್ಞನ ಪ್ರತಿಮೆ ಅನಾವರಣಗೊಂಡಾಗ ಮಾಸೂರಿನವರಾದ ನಮಗೆಲ್ಲ ಹೆಮ್ಮೆಯಾಗಿತ್ತು. ಹೆತ್ತವಳ ಬಗ್ಗೆ ಮಾತ್ರ ನಮ್ಮ ಬಳಿ ಒಂದು ಸಾಲಿಗಿಂತ ಹೆಚ್ಚಿಗೆ ಇರಲಿಲ್ಲ.

ತಾಜಮಹಲಿನ ಮುಂದೆ ನಿಂತು ಚಿತ್ರ ತೆಗೆಸಿಕೊಳ್ಳುವ ನವದಂಪತಿಗಳನ್ನು ನೋಡಿದಾಗಲೂ ನನಗೆ ಹೀಗೆಯೇ ಅನಿಸುತ್ತದೆ. ಅದು ಪ್ರೇಮದ ಸ್ಮಾರಕ ಎಂದು ಎಲ್ಲರಿಗೂ ಗೊತ್ತು. ಅಲ್ಲಿ ಮಲಗಿರುವ ಮುಮ್ತಾಜ್ ಮಹಲ್ 1631ರಲ್ಲಿ ಬುರ್ಹಾನಪುರದಲ್ಲಿ ತನ್ನ ಹದಿನಾಲ್ಕನೇ ಹೆರಿಗೆಯಲ್ಲಿ ಸತ್ತವಳು ಎಂಬುದನ್ನು ಎಷ್ಟು ಜನ ನೆನೆಯುತ್ತಾರೆ? ಷಹಜಹಾನನ ಶೋಕ ನಿಜವೇ ಇರಬಹುದು. ಆದರೆ ಹತ್ತನೆಯ ಬಾರಿ, ಹನ್ನೆರಡನೆಯ ಬಾರಿ ಬಸುರಾದಾಗ ಅವಳು ಅಂಜಿದ್ದಳೇ? ಅಂಜಿಕೆಯನ್ನು ಅವನಿಗೆ ಹೇಳಿದ್ದಳೇ? ಅಮೃತಶಿಲೆಯಲ್ಲಿ ಅದರ ಉತ್ತರ ಬರೆದಿಲ್ಲ. ಸತ್ತ ಮೇಲೆ ಗುಮ್ಮಟ ಕಟ್ಟುವುದಕ್ಕಿಂತ ಬದುಕಿರುವಾಗ ಕಿವಿಗೊಡುವುದು ಕಡಿಮೆ ಖರ್ಚಿನ ಕೆಲಸ. ಆದರೂ ಅದೇ ನಮಗೆ ದುಬಾರಿ ಎನಿಸುತ್ತದೆ.

ಕನ್ನಡದಲ್ಲಿ ಈ ಮೌನವನ್ನು ಮುರಿದವರು ಲೇಖಕಿಯರೇ. ತ್ರಿವೇಣಿಯವರ ‘ಶರಪಂಜರ’ ಕಾದಂಬರಿಯ ಕಾವೇರಿ ಬಾಣಂತನದಲ್ಲಿ ಮನಸ್ಸಿನ ತೋಲ ತಪ್ಪಿದವಳು. ಗುಣವಾಗಿ ಮನೆಗೆ ಬಂದರೂ ಅವಳನ್ನು ಗುಣವಾದವಳೆಂದು ಕಾಣಲು ಮನೆಯವರು ಸಿದ್ಧರಿರಲಿಲ್ಲ. ಪುಟ್ಟಣ್ಣ ಕಣಗಾಲರ ಚಿತ್ರದಲ್ಲಿ ಕಲ್ಪನಾ ಅವಳಿಗೆ ಜೀವ ತುಂಬಿದರು. ನಮ್ಮ ಅಮ್ಮಂದಿರು ಕಣ್ಣೀರಿಟ್ಟು ನೋಡಿದರು, ಆಮೇಲೆ ಮನೆಗೆ ಬಂದು ಸೊಸೆಯರಿಗೆ ‘ನಿಂದೇನು ಹೊಸಾದು’ ಎಂದರು. ಇಂಥ ಕಾದಂಬರಿ ಬರೆದ ತ್ರಿವೇಣಿಯವರೇ 1963ರಲ್ಲಿ, ಮಗಳನ್ನು ಹೆತ್ತ ಕೆಲವೇ ದಿನಗಳಲ್ಲಿ, ಮೂವತ್ತನಾಲ್ಕರ ವಯಸ್ಸಿಗೆ ತೀರಿಕೊಂಡರು. 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪಡೆದ ಬಾನು ಮುಷ್ತಾಕ್ ಅವರು ಬಾಣಂತನದ ನಂತರ ತಾವು ಅನುಭವಿಸಿದ ಖಿನ್ನತೆಯನ್ನು, ಬದುಕು ಮುಗಿಸಿಕೊಳ್ಳುವ ಅಂಚಿಗೆ ಹೋಗಿ ಮರಳಿದ್ದನ್ನು ಬಹಿರಂಗವಾಗಿ ಹೇಳಿಕೊಂಡಿದ್ದಾರೆ. ಅದನ್ನು ಓದಿದ ದಿನ ನನ್ನ ನಾಚಿಕೆ ಅರ್ಧ ಕರಗಿತು. ಉಳಿದರ್ಧ ಈ ಬರಹದಲ್ಲಿ ಕರಗಲಿ.

ಇಲ್ಲಿ ಎರಡು ಆಕ್ಷೇಪಗಳು ಬರುತ್ತವೆ. ಅವಕ್ಕೆ ಉತ್ತರ ಕೊಡದೆ ಮುಂದೆ ಹೋಗುವುದು ಸರಿಯಲ್ಲ.

ಮೊದಲನೆಯದು, ‘ನಮ್ಮ ಅಜ್ಜಿಯರು ಹತ್ತು ಹಡೆದರು, ಹೊಲದಲ್ಲಿ ಹಡೆದು ಬುಟ್ಟಿಯಲ್ಲಿ ಮಗು ಇಟ್ಟುಕೊಂಡು ಬಂದರು. ಅವರಿಗಿಲ್ಲದ ಭಯ ಈಗಿನವರಿಗೇಕೆ?’ ಎಂಬುದು. ನಾನೂ ಇದನ್ನು ನಂಬಿದ್ದೆ. ಒಮ್ಮೆ ಅಮ್ಮಿ ನನ್ನ ನಾನಿಯ ಬಗ್ಗೆ ಒಂದು ಮಾತು ಹೇಳಿದರು. ನಾನಿ ಒಂಬತ್ತು ಹಡೆದವರು. ಪ್ರತಿ ಸಲ ದಿನ ತುಂಬುತ್ತಿದ್ದ ಹಾಗೆ ತಲೆಯ ಮೇಲೆ ಸೆರಗು ಹೊದ್ದು ಓಣಿಯ ಮನೆ ಮನೆಗೆ ಹೋಗಿ ‘ಕಹಾ ಸುನಾ ಮಾಫ್ ಕರೋ’ ಎಂದು ಕ್ಷಮೆ ಕೇಳಿ ಬರುತ್ತಿದ್ದರಂತೆ. ನಮ್ಮಲ್ಲಿ ಹಜ್‌ಗೆ ಹೊರಟವರು, ಸಾವಿನ ಹಾಸಿಗೆಯಲ್ಲಿರುವವರು ಕೇಳುವ ಮಾತದು. ಒಂಬತ್ತು ಸಲ ನಾನಿ ಲೋಕಕ್ಕೆ ವಿದಾಯ ಹೇಳಿದ್ದರು! ಅವರಿಗೆ ಭಯವಿರಲಿಲ್ಲ ಎಂದು ಹೇಳಿದವರು ಯಾರು? ಭಯವಿತ್ತು. ಅದನ್ನು ಇಳಿಸಲು ಅವರಿಗೆ ಒಂದು ಪದ್ಧತಿಯೂ, ಹೊಸ್ತಿಲಲ್ಲಿ ನಿಂತು ಕೇಳಿಸಿಕೊಳ್ಳುವ ಒಂದು ಓಣಿಯೂ ಇತ್ತು. ನಾವು ಪದ್ಧತಿಯನ್ನು ಮರೆತು ‘ಧೈರ್ಯ’ವನ್ನಷ್ಟೇ ನೆನಪಿಟ್ಟುಕೊಂಡೆವು. ಬೇರೆ ದಾರಿಯೇ ಇಲ್ಲದವರು ತೋರಿದ ಸಹನೆಯನ್ನು ಅವರ ಮೊಮ್ಮಕ್ಕಳಿಗೆ ಅಳತೆಗೋಲು ಮಾಡುವುದು ಅಜ್ಜಿಯರಿಗೂ ಅನ್ಯಾಯ, ಮೊಮ್ಮಕ್ಕಳಿಗೂ ಅನ್ಯಾಯ.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು. ಭಯದ ಬಗ್ಗೆ ಮಾತಾಡಿದಷ್ಟೂ ಅದು ಬೆಳೆಯುತ್ತದೆ, ಹುಡುಗಿಯರು ಬೇನೆಗೆ ಮೊದಲೇ ಆಪರೇಷನ್ ಕೇಳುತ್ತಾರೆ, ಮಕ್ಕಳೇ ಬೇಡ ಎನ್ನುತ್ತಾರೆ ಎಂಬ ಆತಂಕವಿದು. ಇದರಲ್ಲಿ ನಿಜವಿದೆ. ಸತ್ವಾಸಾದ ಮನೆಯಲ್ಲೇ ಬಸುರಿಯ ಎದುರು ಸತ್ತವರ ಕತೆಯನ್ನು ರುಚಿಯಿಂದ ಹೇಳುವವರಿರುತ್ತಾರೆ. ಮೊಬೈಲಿನಲ್ಲೂ ಅಂಥವೇ ಕತೆಗಳು. ಅದು ಭಯ ಹಂಚುವ ಮಾತು, ಭಯ ಕೇಳುವ ಮಾತಲ್ಲ. ಎರಡಕ್ಕೂ ವ್ಯತ್ಯಾಸವಿದೆ. ಕತೆ ಹೇಳುವವರು ತಮ್ಮ ಬಾಯಿಗಾಗಿ ಮಾತಾಡುತ್ತಾರೆ. ಕೇಳುವವರು ಅವಳ ಕಿವಿಯನ್ನೂ ಕಣ್ಣನ್ನೂ ನೋಡುತ್ತಾರೆ. ಸಿಸೇರಿಯನ್ ಕೂಡ ಹೊಟ್ಟೆ ಕೊಯ್ಯುವ ಕೆಲಸವೇ. ಅದಕ್ಕೂ ಅದರದೇ ನೋವು, ಅಪಾಯ ಇವೆ ಎಂದು ಬಿಡಿಸಿ ಹೇಳಬೇಕು. ಹಾಗೆ ಹೇಳಿದ ಮೇಲೂ ಅವಳ ಭಯ ಉಳಿದರೆ ಅವಳ ಮಾತಿಗೆ ಬೆಲೆ ಕೊಡಬೇಕು. ಸ್ವೀಡನ್ನಿನಲ್ಲಿ ಇಂಥ ಭಯವಿರುವ ಗರ್ಭಿಣಿಯರಿಗೆಂದೇ ಅನುಭವಿ ಸೂಲಗಿತ್ತಿಯರು ಕುಳಿತು ಮಾತಾಡುವ ‘ಅರೋರಾ’ ಎಂಬ ಕೇಂದ್ರಗಳಿವೆ. ಭಯವನ್ನು ಹೆಸರಿಡಿದು ಕರೆಯುವುದರಿಂದ ಅಲ್ಲಿ ಹೆರಿಗೆ ನಿಂತುಹೋಗಿಲ್ಲ. ಇನ್ನು ಮಕ್ಕಳೇ ಬೇಡವೆನ್ನುವವಳ ಮಾತು. ನೋವು ತಿನ್ನಬೇಕಾದವಳು ಅವಳು, ಬೇಕೆನ್ನುವವರು ನಾವು. ಬೆಲೆ ತೆರುವವಳ ಒಪ್ಪಿಗೆಯಿಲ್ಲದೆ ಮಾಡುವ ವ್ಯಾಪಾರಕ್ಕೆ ನಮ್ಮ ಸಂತೆಯಲ್ಲೂ ಒಳ್ಳೆಯ ಹೆಸರಿಲ್ಲ.

ನನ್ನ ವಾದದ ತಿರುಳು ಇಷ್ಟೇ: ತಾನು ತೋರಬೇಕಾಗಿಲ್ಲದ ಧೈರ್ಯವನ್ನು ಇನ್ನೊಬ್ಬರಿಂದ ಕೇಳುವ ಅಧಿಕಾರ ಯಾರಿಗೂ ಇಲ್ಲ. ಗಂಡನಿಗಿಲ್ಲ, ಅತ್ತೆಗಿಲ್ಲ, ವೈದ್ಯರಿಗಿಲ್ಲ, ಮೌಲ್ವಿಗಿಲ್ಲ. ಒಮ್ಮೆ ಆ ಧೈರ್ಯ ತೋರಿ ಬದುಕುಳಿದ ನನ್ನಂಥವಳಿಗೂ ಇಲ್ಲ. ಹಾಗಾದರೆ ಉಳಿದವರ ಪಾಲಿಗೆ ಏನಿದೆ? ಜೊತೆಗಿರುವುದಿದೆ. ಅದು ಸಣ್ಣ ಕೆಲಸವಲ್ಲ. ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮ ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿ, 2018ರಲ್ಲಿ ಪದ್ಮಶ್ರೀ ಪಡೆದು, ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು. ದಾಯಿಯ ಕಾಲಕ್ಕೆ ಮರಳೋಣ ಎಂದು ನಾನು ಹೇಳುತ್ತಿಲ್ಲ. 228ರಿಂದ 63ಕ್ಕೆ ಇಳಿದ ಅಂಕಿಯ ಮುಂದೆ ಹಾಗೆ ಹೇಳುವುದು ಮೂರ್ಖತನ. ಆದರೆ ದಾಯಿ ಬೇನೆಯುದ್ದಕ್ಕೂ ಬೆನ್ನು ನೀವುತ್ತ, ಮಾತಾಡಿಸುತ್ತ ಪಕ್ಕದಲ್ಲೇ ಕೂರುತ್ತಿದ್ದಳಲ್ಲ, ಆಸ್ಪತ್ರೆಗೆ ಹೋಗುವಾಗ ನಾವು ಅದನ್ನು ಬಾಗಿಲ ಹೊರಗೆ ಬಿಟ್ಟು ಹೋದೆವು. ಅದನ್ನು ಒಳಗೆ ತರಲು ಈಗ ಅಡ್ಡಿಯೂ ಇಲ್ಲ. ಹೆರಿಗೆಯ ಹೊತ್ತಿನಲ್ಲಿ ಜೊತೆಗೊಬ್ಬ ಸಂಗಾತಿ ಇರಲು ಸರಕಾರಿ ಆಸ್ಪತ್ರೆಗಳಲ್ಲಿ ಅವಕಾಶ ಕೊಡಬೇಕೆಂದು ಕೇಂದ್ರ ಸರಕಾರ 2016ರಲ್ಲೇ ಹೇಳಿದೆ. 2017ರ ‘ಲಕ್ಷ್ಯ’ ಯೋಜನೆ ಹೆರಿಗೆ ಕೋಣೆಯಲ್ಲಿ ಗೌರವದ ನಡವಳಿಕೆಯನ್ನೂ ಗುಣಮಟ್ಟದ ಭಾಗವೆಂದು ಎಣಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಇದೇ ಶಿಫಾರಸು ಮಾಡಿದೆ. ಕಾಗದದ ಮೇಲೆ ಇರುವುದನ್ನು ಬಾಗಿಲಲ್ಲಿ ನಿಂತು ಕೇಳಬೇಕಾದವರು ನಾವು. ‘ಒಳಗೆ ಯಾರನ್ನು ಬಿಡುತ್ತೀರಿ?’ ಎಂದು ಗಂಡಸರು ಕೇಳಲಿ. ಅಕ್ಕನೋ ಅತ್ತೆಯೋ ಒಳಗೆ ಹೋಗಿ ಕೈ ಹಿಡಿಯಲಿ. ಒಳಗಿರುವ ದಾದಿಯರೂ ಹೆಣ್ಣುಮಕ್ಕಳೇ. ರಾತ್ರಿಯೆಲ್ಲ ಒಬ್ಬೊಬ್ಬರೇ ಹಲವು ಹೆರಿಗೆ ನೋಡಿ ದಣಿದವರು. ಅವರಿಗೂ ಒಂದು ಜೊತೆ ಸಿಕ್ಕರೆ ಗದರಿಕೆ ಕಡಿಮೆಯಾದೀತು.

ಮತ್ತೆ ಸತ್ವಾಸಾದ ದಿನಕ್ಕೆ ಬರುತ್ತೇನೆ. ಸಂಜೆ ಹೆಂಗಸರೆಲ್ಲ ಚದುರಿದ ಮೇಲೆ ಹುಡುಗಿಯ ಪಕ್ಕ ಕುಳಿತು, ‘ನಂಗೂ ಅಂಜಿಕಿ ಆಗಿತ್ತು. ಎರಡನೇ ಸಲ ಇನ್ನೂ ಜಾಸ್ತಿ ಆಗಿತ್ತು’ ಎಂದೆ. ಅವಳು ನಂಬಲಾರದೆ ನನ್ನ ಮುಖ ನೋಡಿದಳು. ಆಮೇಲೆ ಒಂದೊಂದೇ ಕೇಳತೊಡಗಿದಳು. ನೋವು ಹೇಗಿರುತ್ತದೆ? ಕೂಗಿದರೆ ಬೈಯುತ್ತಾರಾ? ಕೊಯ್ದರೆ ಗೊತ್ತಾಗುತ್ತದಾ? ಗೊತ್ತಿದ್ದಷ್ಟು ಹೇಳಿದೆ. ಗೊತ್ತಿಲ್ಲದ್ದನ್ನು ಡಾಕ್ಟರನ್ನು ಕೇಳಲು ಚೀಟಿಯಲ್ಲಿ ಬರೆದುಕೊಂಡೆವು. ಹಗಲು ನಕ್ಕಿದ್ದ ಆ ಹಿರಿಯರು ಮೂಲೆಯಲ್ಲಿ ಅಡಿಕೆ ಕತ್ತರಿಸುತ್ತ ಎಲ್ಲ ಕೇಳಿಸಿಕೊಳ್ಳುತ್ತಿದ್ದರು. ಎದ್ದು ಹೋಗುವಾಗ ನಮ್ಮ ಬಳಿ ನಿಂತು, ‘ನಮ್ಮನ್ನ ಆಗ ಯಾರೂ ಕೇಳಲಿಲ್ಲವ್ವಾ’ ಎಂದಷ್ಟೇ ಹೇಳಿದರು.

ಎರಡು ತಿಂಗಳ ನಂತರ ಹೆರಿಗೆ ಕೋಣೆಯಲ್ಲಿ ಹುಡುಗಿಯ ಕೈ ಹಿಡಿದು ನಿಂತವರು ಅವರೇ. ಬೇನೆ ಬಂದಾಗ ಅವಳು ಜೋರಾಗಿ ಕೂಗಿದಳಂತೆ. ‘ಕೂಗಲಿ ಬಿಡ್ರಿ’ ಎಂದರಂತೆ ಅವರು.